ಗದ್ದೆ, ಕೆರೆ, ಹೊಂಡ: ಜಿಗಣೆಯ ಹಿಂದೆ ನಾಲ್ಕು ದಿನ

ಮೊದಲ ದಿನ: ದಾವಣಗೆರೆ, ಭದ್ರಾ ನಾಲೆಯ ಗದ್ದೆ

ಆಗಸ್ಟ್ ಕೊನೆಯ ವಾರ, ಮಖೆ ಮಳೆ. ಭದ್ರಾ ನಾಲೆಗೆ ನೀರು ಬಿಟ್ಟು ವಾರಗಳಾಗಿದ್ದವು. ದಾವಣಗೆರೆ ಸುತ್ತಿನ ಗದ್ದೆಗಳಲ್ಲಿ ನಾಟಿ ಜೋರಾಗಿ ನಡೆದಿತ್ತು. ಜಿಗಣೆ ನೋಡುವವರು ಈ ಹದಿನೈದು ದಿನ ಬಿಡಬಾರದು. ಉಳುಮೆಯಿಂದ ಕೆಸರು ಮೇಲೆಕೆಳಗಾಗಿರುತ್ತದೆ, ನೀರು ಬೆಚ್ಚಗಿರುತ್ತದೆ, ದನದ ಕಾಲೂ ಮನುಷ್ಯರ ಕಾಲೂ ದಿನವಿಡೀ ನೀರಿನಲ್ಲಿರುತ್ತವೆ. ಬೇಸಿಗೆಯೆಲ್ಲ ಹಸಿದು ಮಲಗಿದ್ದ ಪ್ರಾಣಿಗೆ ಇದು ಸುಗ್ಗಿ.

ಜೊತೆಗೆ ಒಯ್ದ ಸಾಮಾನು ಕಡಿಮೆ. ಎರಡು ಲೀಟರಿನ ಅಗಲ ಬಾಯಿಯ ಗಾಜಿನ ಜಾಡಿ ನಾಲ್ಕು, ಅಂಚಿರುವ ಬಿಳಿ ತಟ್ಟೆ ಒಂದು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರ, ಚಿತ್ರ ಬರೆಯುವ ಮೆತ್ತನೆ ಬ್ರಷ್, ಹಳೇ ಪಂಚೆಯ ತುಂಡು, ರಬ್ಬರ್ ಬ್ಯಾಂಡ್. ಜಾಡಿಯ ಬಾಯಿಗೆ ಸೊಳ್ಳೆ ಪರದೆ ಕಟ್ಟಿದರೆ ಕೆಲಸಕ್ಕೆ ಬಾರದು. ಮೈಯಲ್ಲಿ ಎಲುಬಿಲ್ಲದ ಪ್ರಾಣಿ, ಮರಿ ಜಿಗಣೆ ಆ ಕಣ್ಣಿನಲ್ಲೇ ನೂಲಿನಂತೆ ನುಸುಳಿ ಹೊರಗೆ ಬಂದುಬಿಡುತ್ತದೆ. ಪಂಚೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಿಗಿದರೆ ಗಾಳಿಯೂ ಆಡುತ್ತದೆ, ಜಿಗಣೆಯೂ ಒಳಗೇ ಉಳಿಯುತ್ತದೆ. ಜಾಡಿಯಲ್ಲಿ ಮೂರನೇ ಒಂದು ಭಾಗ ಮಾತ್ರ ನೀರಿರಬೇಕು, ಅದೂ ಹಿಡಿದ ಗದ್ದೆಯದೇ ನೀರು. ನಲ್ಲಿ ನೀರಿನ ಕ್ಲೋರಿನ್ ಜಿಗಣೆಯ ಚರ್ಮಕ್ಕೆ ವಿಷ. ಕಿವಿರು, ಶ್ವಾಸಕೋಶ ಯಾವುದೂ ಇಲ್ಲದ ಇದು ಉಸಿರಾಡುವುದೇ ಚರ್ಮದಿಂದ. ನಲ್ಲಿ ನೀರೇ ಗತಿಯಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ಹಿಡಿಯುವುದಕ್ಕೆ ಬಲೆ ಬೇಕಾಗಲಿಲ್ಲ. ಬದುವಿನ ಪಕ್ಕ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಅಂಗೈಯಿಂದ ನೀರನ್ನು ಎರಡು ನಿಮಿಷ ಒಂದೇ ಸಮನೆ ತಟ್ಟಿ, ಆಮೇಲೆ ಅಲುಗಾಡದೆ ಕಾಯುವುದು. ಜಿಗಣೆಯ ಮೈಮೇಲೆ ಸಾಲುಸಾಲಾಗಿ ಸಣ್ಣ ಸಂವೇದನೆಯ ಚುಕ್ಕೆಗಳಿವೆ. ನೀರಿನ ಅಲೆ ಯಾವ ಕಡೆಯಿಂದ ಬಂತು ಎಂಬುದನ್ನು ಅವು ಹಿಡಿಯುತ್ತವೆ, ಜಿಗಣೆ ಅಲೆಯ ಮೂಲದತ್ತ ಈಜುತ್ತದೆ. ನಾಲ್ಕೈದು ನಿಮಿಷದಲ್ಲಿ ಮೊದಲನೆಯದು ಬಂತು. ಈಜುವ ರೀತಿಯಿಂದಲೇ ಗುರುತು ಸಿಗುತ್ತದೆ. ನೀರುಹಾವೂ ಮೀನೂ ಎಡಬಲಕ್ಕೆ ಬಳುಕುತ್ತವೆ. ಜಿಗಣೆ ಮೈಯನ್ನು ಪಟ್ಟಿಯಂತೆ ಚಪ್ಪಟೆ ಮಾಡಿಕೊಂಡು ಮೇಲಕ್ಕೆ ಕೆಳಕ್ಕೆ ಅಲೆಯೆಬ್ಬಿಸುತ್ತದೆ. ಕಾಲಿನ ಹತ್ತಿರ ಬಂದೊಡನೆ ಈಜು ನಿಂತಿತು. ಮೈಯ ಹಿಂದಿನ ತುದಿಯಲ್ಲಿ ಅಂಟಿಕೊಳ್ಳಲೆಂದೇ ಇರುವ ಬಟ್ಟಲಿನಂಥ ಅಂಗವಿದೆ; ಆ ಹಿಂದಿನ ಬಟ್ಟಲನ್ನು ಕೆಸರಿನ ಹೆಂಟೆಗೆ ಊರಿ, ಮುಂದಿನ ತುದಿಯನ್ನು ಅತ್ತ ಇತ್ತ ಆಡಿಸುತ್ತ ಹುಡುಕತೊಡಗಿತು. ದೂರದಲ್ಲಿ ದಾರಿ ತೋರಿಸಿದ್ದು ಅಲೆ, ಇಲ್ಲಿ ತೋರಿಸುವುದು ಬಿಸಿ ಮತ್ತು ರುಚಿ. ಯುರೋಪಿನ ವೈದ್ಯಕೀಯ ಜಿಗಣೆಯ ಮೇಲೆ ನಡೆದ ಪ್ರಯೋಗಗಳಲ್ಲಿ 35ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿಯ ಮೈ ಸಿಕ್ಕರೆ ಅದು ತಡಮಾಡದೆ ಬಾಯಿ ಹಾಕುತ್ತದೆ ಎಂದು ಕಂಡಿದೆ. ನಮ್ಮ ಮೈಬಿಸಿ, ಎಮ್ಮೆಯ ಮೈಬಿಸಿ ಎರಡೂ ಆ ಲೆಕ್ಕದೊಳಗೇ ಬರುತ್ತವೆ.

ಪಕ್ಕದ ಮಡಿಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರಲ್ಲಿ ಹಿರಿಯರೊಬ್ಬರು ಸೊಂಟ ನೆಟ್ಟಗೆ ಮಾಡಿ ಕೇಳಿದರು:

“ಏನ್ ಹುಡುಕ್ತೀರ್ರಿ ಸಾರ್, ಅಷ್ಟೊತ್ನಿಂದ?”

“ಜಿಗಣೆ, ಅವ್ವಾ.”

“ಅಯ್ಯ, ಅದನ್ನೇನ್ ಹುಡುಕೋದ್ರಿ? ಇಲ್ ಬಂದ್ ನಿಂದ್ರಿ, ತಾವೇ ಬರ್ತಾವ. ಮೊದ್ಲು ಇನ್ನೂ ಭಾಳ ಇದ್ವು. ಈಗ ಎಣ್ಣಿ ಹೊಡ್ದು ಹೊಡ್ದು ಕಡಿಮಿ ಆಗ್ಯಾವ.”

ಗದ್ದೆಗೆ ಹೊಡೆಯುವ ಕೀಟನಾಶಕಕ್ಕೆ ಇಲ್ಲಿ ಎಣ್ಣೆ ಎಂದೇ ಹೆಸರು. ಅವರ ಮೀನಖಂಡದ ಮೇಲೆ ಒಂದು ಜಿಗಣೆ ಆಗಲೇ ಕಚ್ಚಿಕೊಂಡಿತ್ತು. ಸೊಂಟದ ಚೀಲದಿಂದ ತಂಬಾಕು, ಸುಣ್ಣ ತೆಗೆದು ತಿಕ್ಕುವುದು ಅವರ ಪದ್ಧತಿ. ಅದರಿಂದ ಜಿಗಣೆ ಬೀಳುವುದೇನೋ ನಿಜ, ಆದರೆ ಈ ಪದ್ಧತಿಯಲ್ಲಿ ಒಂದು ಕೆಡುಕಿದೆ. ಸುಣ್ಣ, ಉಪ್ಪು, ಬೀಡಿಯ ಕೆಂಡ ಯಾವುದನ್ನೇ ತಗುಲಿಸಿದರೂ ಜಿಗಣೆ ಹಿಂಸೆಗೆ ಒದ್ದಾಡಿ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೇ ಕಾರಿಕೊಳ್ಳಬಹುದು. ಅದರ ಹೊಟ್ಟೆಯಲ್ಲಿ ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾಗಳು ವಾಸವಾಗಿರುತ್ತವೆ. ಜಿಗಣೆಗೆ ಅವು ಉಪಕಾರಿ, ನಮ್ಮ ಗಾಯದಲ್ಲಿ ಸೇರಿದರೆ ಕೀವು.

ಬಿಡಿಸುವ ಸರಿಯಾದ ಕ್ರಮಕ್ಕೆ ಉಗುರೊಂದೇ ಸಾಕು. ಮೊದಲು ಬಾಯಿ ಯಾವ ತುದಿ ಎಂದು ನೋಡಿಕೊಳ್ಳಬೇಕು. ದಪ್ಪನೆಯ, ದುಂಡು ಬಟ್ಟಲಿನ ತುದಿ ಹಿಂಭಾಗ, ಸಣ್ಣಗಾಗುತ್ತ ಹೋದದ್ದು ಬಾಯಿ. ಬಾಯಿಯ ಪಕ್ಕದ ಚರ್ಮವನ್ನು ಒಂದು ಕೈಯಿಂದ ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯ ಉಗುರನ್ನು ಚರ್ಮಕ್ಕೆ ಒತ್ತಿ ಬಾಯಿಯ ಅಡಿಗೆ ಪಕ್ಕದಿಂದ ಜಾರಿಸಬೇಕು. ಗಾಳಿ ಒಳಗೆ ಹೋದದ್ದೇ ಹಿಡಿತ ಸಡಿಲ. ತಡಮಾಡದೆ ಹಿಂದಿನ ಬಟ್ಟಲನ್ನೂ ಹಾಗೆಯೇ ಎಬ್ಬಿಸಬೇಕು, ಇಲ್ಲವಾದರೆ ಬಾಯಿ ಮತ್ತೆ ಅಂಟುತ್ತದೆ. ಎಲ್ಲರೂ ಮಾಡುವ ತಪ್ಪೆಂದರೆ ಹಿಂದಿನ ದಪ್ಪ ತುದಿಯನ್ನೇ ಬಾಯಿ ಎಂದುಕೊಂಡು ಮೊದಲು ಎಳೆಯುವುದು. ಎಳೆದಷ್ಟೂ ಮೈ ರಬ್ಬರಿನಂತೆ ಹಿಗ್ಗುತ್ತದೆ, ಬಾಯಿ ಬಿಡುವುದಿಲ್ಲ, ಗಾಯ ಹರಿಯುತ್ತದೆ. ಬಿಡಿಸಿದ ಮೇಲೆ ಸಾಬೂನು ಹಚ್ಚಿ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಹಿಡಿದು ಕಟ್ಟಬೇಕು. ರಕ್ತ ಕೆಲವು ಗಂಟೆ ಜಿನುಗುವುದು ಸಹಜ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ನಿಲ್ಲದಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಕೆರೆಯ, ಗದ್ದೆಯ ನೀರಿಗೆ ನೇರ ಬಾಯಿ ಹಚ್ಚಿ ಕುಡಿಯುವುದು ಎಂದಿಗೂ ಬೇಡ. ಮರಿ ಜಿಗಣೆ ಮೂಗು, ಗಂಟಲಿನೊಳಗೆ ಕಚ್ಚಿಕೊಂಡರೆ ಉಗುರಿನ ಉಪಾಯ ನಡೆಯದು, ಆಸ್ಪತ್ರೆಗೇ ಹೋಗಬೇಕು.

ಬಿಡಿಸಿದ್ದನ್ನು ಬಿಳಿ ತಟ್ಟೆಗೆ ಹಾಕಿ ಮಸೂರ ಹಿಡಿದೆವು. ಬೆನ್ನು ಕಂದುಹಸಿರು, ಹೊಟ್ಟೆ ಕಿತ್ತಳೆ, ಪಕ್ಕೆಯಲ್ಲಿ ಹಳದಿಯ ಅಂಚು. ದನದ ಜಿಗಣೆ. ವಿಜ್ಞಾನದ ಹೆಸರು ಪೊಯಿಸಿಲೋಬ್ಡೆಲ್ಲಾ ಗ್ರ್ಯಾನ್ಯುಲೋಸಾ, ಕಾಲೇಜಿನ ಪ್ರಾಣಿಶಾಸ್ತ್ರ ಪುಸ್ತಕಗಳಲ್ಲಿ ಹಿರುಡಿನೇರಿಯಾ ಎಂದು ಓದಿದವರಿಗೆ ಪರಿಚಯದ್ದೇ. ಎರೆಹುಳುವಿನ ದಾಯಾದಿ. ಆದರೆ ಎರೆಹುಳುವಿನಲ್ಲಿ ಒಂದು ಉಂಗುರವೆಂದರೆ ಒಂದು ಖಂಡ, ಇದರಲ್ಲಿ ಹಾಗಲ್ಲ. ನಡುಭಾಗದಲ್ಲಿ ಐದೈದು ಉಂಗುರ ಸೇರಿ ಒಂದು ಖಂಡ. ಹೊರಗಿನ ಉಂಗುರ ಎಣಿಸಿ ಒಳಗಿನ ಲೆಕ್ಕ ಹೇಳಲು ಹೋದವರು ತಪ್ಪುತ್ತಾರೆ. ಒಳಗೆ ಹೊಟ್ಟೆಯುದ್ದಕ್ಕೂ ಹೋಗುವ ನರದಲ್ಲಿ 32 ಗಂಟುಗಳಿವೆ: ಮುಂದೆ 4 ಕೂಡಿ ಒಂದಾಗಿವೆ, ನಡುವೆ 21 ಬಿಡಿಬಿಡಿ, ಹಿಂದಿನ ಬಟ್ಟಲಿನ ಹತ್ತಿರ 7 ಕೂಡಿಕೊಂಡಿವೆ. ಜಿಗಣೆಗೆ 32 ಮಿದುಳು ಎಂದು ಮೊಬೈಲಿನಲ್ಲಿ ಓಡಾಡುವ ಮಾತು ಹುಟ್ಟಿದ್ದು ಇಲ್ಲಿಂದ. ಅವು ಮಿದುಳಲ್ಲ, ಆಯಾ ಖಂಡದ ಕೆಲಸ ನೋಡಿಕೊಳ್ಳುವ ನರದ ಗಂಟುಗಳು. ಮೊಟ್ಟೆಯೊಳಗೇ ಈ ಸಂಖ್ಯೆ ತೀರ್ಮಾನವಾಗುತ್ತದೆ. ಬೆಳೆದಂತೆ ಉದ್ದವಾಗುತ್ತದೆಯೇ ಹೊರತು ಖಂಡ ಹೆಚ್ಚುವುದಿಲ್ಲ, ತುಂಡಾದರೆ ಎರೆಹುಳುವಿನಂತೆ ಮತ್ತೆ ಚಿಗುರುವುದೂ ಇಲ್ಲ.

ತಲೆಯ ಮೇಲೆ ಕಪ್ಪು ಚುಕ್ಕೆಗಳ ಕಮಾನು, ಐದು ಜೊತೆ ಕಣ್ಣು. ಆಕಾರ ಕಾಣುವ ಕಣ್ಣಲ್ಲ, ನೆರಳು ಬೆಳಕಿನ ವ್ಯತ್ಯಾಸ ತಿಳಿಯುವಷ್ಟೇ. ತಟ್ಟೆಯ ಮೇಲೆ ಅಂಗೈ ಚಾಚಿದರೆ ಸಾಕು, ಸುಮ್ಮನೆ ಮಲಗಿದ್ದದ್ದು ತಲೆಯೆತ್ತಿತು.

ಎರಡನೇ ದಿನ: ಸೂಳೆಕೆರೆ

ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಚನ್ನಗಿರಿ ಕಡೆ ಹೊರಟರೆ, ಅಡಿಕೆ ತೋಟಗಳ ನಡುವೆ ಒಂದು ಗಂಟೆಗೂ ಮೀರಿದ ದಾರಿ. ಕಾಗದದಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಅಡ್ಡಲಾಗಿ ಕಟ್ಟಿದ ಚಿಕ್ಕ ಏರಿ, ಹಿಂದೆ ಕಣ್ಣು ಹರಿಯುವಷ್ಟು ನೀರು. ಏರಿಯ ಕಡೆ ಜಿಗಣೆ ಹುಡುಕುವುದು ವ್ಯರ್ಥ. ಅಲ್ಲಿ ನೀರು ಆಳ, ದಡ ಕಲ್ಲಿನ ಕಟ್ಟಡ. ಅದಕ್ಕೆ ಬೇಕಾದದ್ದು ಮೊಣಕಾಲಿನವರೆಗಿನ ನೀರು, ಜೊಂಡು, ಹೂಳು, ದನ ಇಳಿಯುವ ಜಾಗ. ಅಂಥದ್ದು ಸಿಗುವುದು ಏರಿಯ ಎದುರು ದಿಕ್ಕಿನಲ್ಲಿ, ಹಿನ್ನೀರು ತೆಳುವಾಗಿ ಹೊಲಗಳಿಗೆ ತಾಗುವಲ್ಲಿ.

ಎಮ್ಮೆ ಕಾಯುವ ಅಜ್ಜ ತನ್ನ ನಾಲ್ಕು ಎಮ್ಮೆಗಳನ್ನು ನೀರಿನಿಂದ ಹೊರಗೆ ಹೊಡೆದುಕೊಂಡು ಬಂದಾಗ ಒಂದರ ಹಿಂಗಾಲಿನ ಒಳಬದಿ, ಗೊರಸಿನಿಂದ ಒಂದು ಗೇಣು ಮೇಲೆ, ಜಿಗಣೆ ಆಗ ತಾನೆ ಬಾಯಿ ಹಚ್ಚಿತ್ತು. “ಕೀಳಬ್ಯಾಡ ಅಜ್ಜ, ಒಂದೀಟು ನೋಡ್ತೀವಿ” ಎಂದರೆ, “ನೋಡ್ರಿ ನೋಡ್ರಿ, ಹೊಟ್ಟಿ ತುಂಬಿದ್ರ ತಾನೇ ಬೀಳ್ತೈತಿ” ಎಂದು ಎಮ್ಮೆಯ ಹಗ್ಗ ಹಿಡಿದು ನಿಂತ.

ಗಡಿಯಾರ ಇಟ್ಟು ನೋಡಿದ್ದು ಇಷ್ಟು. ಮೊದಲ ಎರಡು ನಿಮಿಷ ಕುತ್ತಿಗೆ ಭಾಗ ಕೊಕ್ಕೆಯಂತೆ ಬಾಗಿ, ಬಾಯಿ ಚರ್ಮಕ್ಕೆ ನೆಟ್ಟಗೆ ಒತ್ತಿತು. ಆಗ ಒಳಗೆ ಗರಗಸ ನಡೆದಿರುತ್ತದೆ. ದವಡೆ ಮೂರು, ಒಂದೊಂದೂ ಅರ್ಧಚಂದ್ರದ ಗರಗಸದಂತೆ, ಅಂಚಿನಲ್ಲಿ ನೂರರ ಆಸುಪಾಸು ಹಲ್ಲು. ಮೂರೂ ನಡುವಿನಿಂದ ಮೂರು ದಿಕ್ಕಿಗೆ ಕೊಯ್ಯುವುದರಿಂದ ಗಾಯ ಮೂರು ಕವಲಾಗುತ್ತದೆ, ಕಾರಿನ ಬಾನೆಟ್ಟಿನ ಮೇಲೆ ಕಾಣುವ ಬೆಂಜ್ ಗುರುತಿನ ಹಾಗೆ. ಹಳೆಯ ಗಾಯದ ಕಲೆಯನ್ನೂ ಇದರಿಂದಲೇ ಗುರುತಿಸಬಹುದು. ಐದನೇ ನಿಮಿಷದಿಂದ ಕುತ್ತಿಗೆಯಲ್ಲಿ ಗುಟುಕಿನ ಅಲೆ ಶುರುವಾಯಿತು, ಸೆಕೆಂಡಿಗೆ ಒಂದೆರಡು, ಹಿಂದಕ್ಕೆ ಸರಿಯುತ್ತ. ಇಪ್ಪತ್ತನೇ ನಿಮಿಷಕ್ಕೆ ಪಟ್ಟಿಯಂತಿದ್ದ ಮೈ ಬೆರಳಿನಷ್ಟು ದುಂಡಾಯಿತು, ಉಂಗುರಗಳ ನಡುವಿನ ಗೆರೆ ಮಾಯವಾಯಿತು, ಬಣ್ಣ ಕಪ್ಪಿಗೆ ತಿರುಗಿತು. ನಲವತ್ತು ನಿಮಿಷ ತುಂಬುವ ಮೊದಲೇ ಬಾಯಿ ಬಿಟ್ಟು ಹುಲ್ಲಿಗೆ ಬಿತ್ತು. ಕಚ್ಚಿದ ಜಾಗದಲ್ಲಿ ರಕ್ತದ ಗೆರೆ ಇಳಿಯುತ್ತಲೇ ಇತ್ತು, ಎಮ್ಮೆ ಮೆಲುಕು ಹಾಕುತ್ತಲೇ ಇತ್ತು.

ಯಾವಾಗ ನಿಲ್ಲಿಸಬೇಕೆಂದು ಅದಕ್ಕೆ ಹೇಳುವುದು ರುಚಿಯಲ್ಲ, ಹೊಟ್ಟೆಯ ಗೋಡೆಯ ಬಿಗಿತ. 19ನೇ ಶತಮಾನದ ಯುರೋಪಿನಲ್ಲಿ ಕೆಲವು ವೈದ್ಯರು ಕುಡಿಯುತ್ತಿರುವ ಜಿಗಣೆಯ ಮೈಗೆ ಸಣ್ಣ ಕೊಯ್ತ ಹಾಕಿ ರಕ್ತ ಹೊರಗೆ ಹರಿಯುವಂತೆ ಮಾಡುತ್ತಿದ್ದರು. ಬಿಗಿತ ಬಾರದ ಕಾರಣ ಅದು ಕುಡಿಯುತ್ತಲೇ ಇರುತ್ತಿತ್ತು. ಕ್ರೂರವಾದ ವಿಧಾನ, ಆದರೆ ಹೊಟ್ಟೆಯ ಗುಟ್ಟು ಅದರಿಂದ ಬಯಲಾಗುತ್ತದೆ. ಆ ಕಾಲದ ಹುಚ್ಚು ಎಷ್ಟಿತ್ತೆಂದರೆ 1833ರಲ್ಲಿ ಫ್ರಾನ್ಸ್ ದೇಶವೊಂದೇ 4 ಕೋಟಿಗೂ ಹೆಚ್ಚು ಜಿಗಣೆ ತರಿಸಿಕೊಂಡಿತು, ಯುರೋಪಿನ ಕೊಳಗಳು ಬರಿದಾದವು.

ಎಮ್ಮೆಯ ಕಾಲಿನ ರಕ್ತ ನಿಲ್ಲದಿರುವುದಕ್ಕೆ ಕಾರಣ ಜೊಲ್ಲು. 1884ರಲ್ಲಿ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ಜಿಗಣೆಯ ಬಾಯಿಯ ರಸ ಸೇರಿದ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ತೋರಿಸಿದ. ಆ ವಸ್ತುವಿಗೆ ಆಮೇಲೆ ಹಿರುಡಿನ್ ಎಂದು ಹೆಸರಾಯಿತು. 65 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನು. ರಕ್ತದಲ್ಲಿ ಥ್ರಾಂಬಿನ್ ಎಂಬುದೊಂದಿದೆ, ಕರಗಿರುವ ಫೈಬ್ರಿನೋಜನ್ನನ್ನು ನೂಲಾಗಿಸಿ ಹೆಪ್ಪು ಕಟ್ಟಿಸುವುದು ಅದರ ಕೆಲಸ. ಹಿರುಡಿನ್ ಹೋಗಿ ಆ ಥ್ರಾಂಬಿನ್ನನ್ನೇ ಬಿಗಿಯಾಗಿ ಹಿಡಿದುಬಿಡುತ್ತದೆ. ಇದೊಂದೇ ಆಗಿದ್ದರೆ ಜಿಗಣೆ ಬಿದ್ದ ಸ್ವಲ್ಪ ಹೊತ್ತಿಗೆ ರಕ್ತ ನಿಲ್ಲಬೇಕಿತ್ತು. ಜೊಲ್ಲಿನಲ್ಲಿ ಕ್ಯಾಲಿನ್ ಎಂಬ ಇನ್ನೊಂದಿದೆ. ಹರಿದ ರಕ್ತನಾಳದ ಅಂಚಿಗೆ ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಅಂಟದಂತೆ ಅದು ತಡೆಯುತ್ತದೆ. ಜೊಲ್ಲು ಸುತ್ತಲಿನ ಮಾಂಸದೊಳಗೆ ಹರಡಲು ದಾರಿ ಬಿಡಿಸುವ ಹಯಲುರೊನಿಡೇಸ್ ಬೇರೆ. ಗಂಟೆಗಟ್ಟಲೆ ಜಿನುಗುವುದು ಈ ಕೂಟದ ಕೆಲಸ. ಅರಿಶಿನ ಮೆತ್ತಿದರೂ ಮೇಲೆ ಒತ್ತಿ ಕಟ್ಟದೆ ಪ್ರಯೋಜನವಿಲ್ಲ.

ಮಧ್ಯಾಹ್ನ ದಡದ ಕಲ್ಲುಗಳನ್ನು ಒಂದೊಂದಾಗಿ ಮಗುಚಿದೆವು. ಮಗುಚಿದ ಕಲ್ಲನ್ನು ಮೊದಲಿದ್ದಂತೆಯೇ ಇಡಬೇಕು, ಇದರಲ್ಲಿ ಸೋಮಾರಿತನ ಸಲ್ಲದು. ಅಡಿಯಲ್ಲಿ ಬದುಕುವ ಜೀವಕ್ಕೆ ಬಿಸಿಲು ಬಿದ್ದರೆ ಅರ್ಧ ಗಂಟೆಯೂ ಉಳಿಯಲಾರದು. ಹನ್ನೊಂದೋ ಹನ್ನೆರಡನೆಯದೋ ಕಲ್ಲಿನ ಅಡಿಗೆ ಹುಣಸೆ ಎಲೆಯಷ್ಟೇ ಗಾತ್ರದ, ಚಪ್ಪಟೆಯಾದ, ಕಂದು ಜಿಗಣೆ ಅಂಟಿಕೊಂಡಿತ್ತು. ಬ್ರಷ್‌ನಿಂದ ಮೆಲ್ಲಗೆ ಎಬ್ಬಿಸಿ ತಟ್ಟೆಗೆ ಇಳಿಸಿದರೆ ಅಂಚನ್ನು ಒಳಕ್ಕೆ ಮಡಿಸಿ ಮುದುಡಿತು. ಮಸೂರ ಹಿಡಿದು ಕಾದೆವು. ಐದಾರು ನಿಮಿಷಕ್ಕೆ ಮೈ ಬಿಚ್ಚಿ ಮಗ್ಗುಲಾದಾಗ ಹೊಟ್ಟೆಯ ಕೆಳಗೆ ಬಿಳಿಯ ದಾರದ ಚೂರುಗಳಂತೆ ಏನೋ ಅಲುಗಿತು. ಮರಿಗಳು. ಒಂದೊಂದೂ ಹಿಂದಿನ ಪುಟಾಣಿ ಬಟ್ಟಲಿನಿಂದ ತಾಯಿಯ ಹೊಟ್ಟೆಗೆ ಅಂಟಿಕೊಂಡು, ತಲೆ ಹೊರಗೆ ಚಾಚಿ ಆಡಿಸುತ್ತಿತ್ತು. ಎಣಿಸಿದರೆ ಹದಿನೇಳು. ತಾಯಿ ನಡೆದರೆ ಮರಿಗಳೂ ಜೊತೆಗೆ. ಒಂದು ಮರಿಯನ್ನು ಬ್ರಷ್ ತುದಿ ತಾಗಿ ಬೀಳಿಸಿದ್ದಾಯಿತು. ಅದು ತಟ್ಟೆಯ ಮೇಲೆ ತಲೆ ಆಡಿಸಿ ಆಡಿಸಿ, ತಾಯಿಯ ಅಂಚು ಸಿಕ್ಕಿದೊಡನೆ ಹತ್ತಿ ಒಳಗೆ ಸೇರಿಕೊಂಡಿತು.

ಈ ಬಳಗಕ್ಕೆ ಗ್ಲಾಸಿಫೋನಿಡೆ ಎಂದು ಹೆಸರು. ದವಡೆ ಇಲ್ಲ, ಬದಲಿಗೆ ಸೂಜಿಯಂತೆ ಹೊರಚಾಚುವ ಸೊಂಡಿಲು. ಮೊಟ್ಟೆಗಳನ್ನು ಮೈಯಡಿಯಲ್ಲೇ ಇಟ್ಟು ಕಾಯುವುದು, ಮರಿಗಳನ್ನು ಹೊತ್ತು ತಿರುಗುವುದು ಇದರ ಸ್ವಭಾವ. ಕಲ್ಲಿನಡಿಯ ಈ ಚಪ್ಪಟೆ ಜಾತಿಗಳಲ್ಲಿ ಹೆಚ್ಚಿನವು ನಮ್ಮ ರಕ್ತದ ತಂಟೆಗೇ ಬರುವುದಿಲ್ಲ. ನೀರಿನ ಬಸವನಹುಳು, ಸಣ್ಣಪುಟ್ಟ ಹುಳುಗಳ ಮೇಲೆ ಅವುಗಳ ಜೀವನ. ದನ ಎಮ್ಮೆಗಳ ಯಕೃತ್ತಿಗೆ ಸೇರುವ ಚಪ್ಪಟೆಹುಳುವಿಗೆ ಮರಿಯಾಗಿದ್ದಾಗ ಆಸರೆ ಕೊಡುವುದು ನೀರಿನ ಬಸವನಹುಳುವೇ. ಅದನ್ನು ತಿನ್ನುವ ಜಿಗಣೆ ಎಮ್ಮೆಗೆ ಉಪಕಾರವನ್ನೇ ಮಾಡುತ್ತದೆ. ಜಿಗಣೆ ಎಂದೊಡನೆ ಕೆರೆಗೆ ಮೈಲುತುತ್ತ ಸುರಿಯಲು ಹೊರಡುವವರು ಈ ತಾಯಿಯನ್ನು ಒಮ್ಮೆ ನೋಡಬೇಕು. ತಾಮ್ರದ ಉಪ್ಪು ಒಳ್ಳೆಯದು ಕೆಟ್ಟದ್ದು ಎಂದು ಆರಿಸುವುದಿಲ್ಲ. ಬಸವನಹುಳು, ಮೀನುಮರಿ, ಜಿಗಣೆ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ದನದ ಜಿಗಣೆಯ ಸಂತಾನದ ದಾರಿ ಬೇರೆ. ಒಂದೇ ಮೈಯಲ್ಲಿ ಗಂಡು ಹೆಣ್ಣು ಎರಡೂ ಇದ್ದರೂ ಕೂಡುವುದಕ್ಕೆ ಎರಡು ಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ, ನೀರಂಚಿನಿಂದ ಮೇಲೆ, ತೇವವಿರುವ ಮಣ್ಣಿನೊಳಗೆ ಗೂಡು ಇಡುತ್ತದೆ. 9ರಿಂದ 11ನೇ ಖಂಡದ ಸುತ್ತ ನೊರೆಯಂತೆ ಸ್ರವಿಸಿ, ಅದು ಗಟ್ಟಿಯಾದ ಮೇಲೆ ಹಿಂದಕ್ಕೆ ಸರಿದು ತಲೆ ಬಿಡಿಸಿಕೊಂಡರೆ ಗೂಡಿನ ಎರಡೂ ತುದಿ ಮುಚ್ಚಿಕೊಳ್ಳುತ್ತವೆ. ಹೊರಮೈ ಸ್ಪಂಜಿನಂತೆ, ಆಕಾರ ಪೀಪಾಯಿಯಂತೆ, ಉದ್ದ ಸುಮಾರು 3 ಸೆಂ.ಮೀ. ಎರಡು ವಾರದ ಆಸುಪಾಸಿನಲ್ಲಿ ಮರಿಗಳು ದೊಡ್ಡವರದೇ ಪಡಿಯಚ್ಚಾಗಿ ಹೊರಬರುತ್ತವೆ. ನಾವು ಹೋದದ್ದು ಆ ಕಾಲ ಕಳೆದ ಮೇಲೆ. ಬದುವಿನ ಮಗ್ಗುಲಿನ ಮಣ್ಣು ಬಿಡಿಸಿದಾಗ ಒಂದು ಖಾಲಿ ಗೂಡು ಸಿಕ್ಕಿತು, ಒಣಗಿದ ಹೀರೆಕಾಯಿ ನಾರಿನಷ್ಟು ಹಗುರ, ತುದಿಯಲ್ಲಿ ತೂತು. ದಡಕ್ಕೆ ಕಲ್ಲು ಹಾಸಿ ಸಿಮೆಂಟು ಬಳಿದ ಕೆರೆಗಳಲ್ಲಿ ಜಿಗಣೆ ಮೊದಲು ಸೋಲುವುದು ಇಲ್ಲೇ. ನೀರಿದೆ, ಗೂಡಿಡಲು ಮೆತ್ತನೆ ಮಣ್ಣಿಲ್ಲ.

ರಾತ್ರಿ ಒಂದು ಮಾದರಿಯನ್ನು ಮಾತ್ರ ಕಾಪಿಟ್ಟೆವು. ಹಾಗೇ ಸ್ಪಿರಿಟಿಗೆ ಹಾಕಿದರೆ ಸುರುಟಿ ಕಲ್ಲಾಗುತ್ತದೆ, ಕಣ್ಣು, ರಂಧ್ರ ಯಾವುದೂ ಆಮೇಲೆ ಕಾಣಿಸದು. ಮೊದಲು ಸಾದಾ ಸೋಡಾದಲ್ಲಿ ಬಿಡಬೇಕು. ಗ್ಯಾಸು ಅದನ್ನು ಮಂಪರಿಗೆ ತಳ್ಳುತ್ತದೆ, ಮುಟ್ಟಿದರೆ ಮುದುಡದ ಸ್ಥಿತಿಗೆ ಬಂದ ಮೇಲೆ ಎರಡು ಗಾಜಿನ ಪಟ್ಟಿಗಳ ನಡುವೆ ನೆಟ್ಟಗೆ ಮಲಗಿಸಿ, ಆಮೇಲೆ ನೂರಕ್ಕೆ 70ರ ಆಲ್ಕೊಹಾಲಿಗೆ ಹಾಕಬೇಕು. ವಂಶವಾಹಿ ಪರೀಕ್ಷೆಗೆ ಬೇಕಾದರೆ ಹಿಂದಿನ ಬಟ್ಟಲಿನಿಂದ ಚೂರು ಕತ್ತರಿಸಿ, ನೂರಕ್ಕೆ 95ರದಕ್ಕೆ ಬೇರೆಯಾಗಿ ಹಾಕಬೇಕು. ಹೊಟ್ಟೆಯ ಭಾಗ ಕೊಟ್ಟರೆ ಎಮ್ಮೆಯ ವಂಶವಾಹಿಯೂ ಬೆರೆತು ಬರುತ್ತದೆ.

ಎಮ್ಮೆಯ ರಕ್ತ ಕುಡಿದದ್ದಕ್ಕೆ ಬೇರೆ ಜಾಡಿ. ಹೊಟ್ಟೆ ತುಂಬಿದ್ದನ್ನು ಹಸಿದವುಗಳ ಜೊತೆ ಇಟ್ಟರೆ ಹಸಿದವು ಅದಕ್ಕೇ ಬಾಯಿ ಹಾಕುವುದುಂಟು.

ಮೂರನೇ ದಿನ: ದುರ್ಗ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಅಷ್ಟರಲ್ಲೇ ಭದ್ರಾ ನಾಲೆಯ ಹಸಿರು ಹಿಂದೆ ಬಿದ್ದು ಮೆಕ್ಕೆಜೋಳ, ಶೇಂಗಾ, ಬಂಡೆ. ವರ್ಷದ ಮಳೆ 600 ಮಿ.ಮೀ. ಆಸುಪಾಸು. ಇಲ್ಲಿನ ಕೆರೆ ತುಂಬಿಸುವುದು ಹೆಚ್ಚಾಗಿ ಉತ್ತರೆ, ಹಸ್ತ, ಚಿತ್ತೆ ಮಳೆಗಳೇ. ಆಗಸ್ಟಿನಲ್ಲಿ ಎಷ್ಟೋ ಕೆರೆಯಂಗಳ ಬಿರುಕು ಬಿಟ್ಟಿರುತ್ತವೆ.

ಕೋಟೆಯ ಹೊಂಡಗಳಿಗೆ ಕೈ ಹಾಕುವಂತಿಲ್ಲ, ಮೆಟ್ಟಿಲ ಮೇಲಿಂದ ನೋಡಿದ್ದಷ್ಟೇ. ಆದರೆ ಜಿಗಣೆಯ ಹೊಟ್ಟೆಯನ್ನು ವಿವರಿಸಲು ಈ ಕೋಟೆಗಿಂತ ಒಳ್ಳೆಯ ಮಾದರಿ ಸಿಗದು. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬಂದ ಮಳೆಯನ್ನು ಒಂದೇ ಸಲ ಹಿಡಿದು ವರ್ಷವಿಡೀ ಬಳಸುವ ವ್ಯವಸ್ಥೆ. ದನದ ಜಿಗಣೆಯ ಒಳಗೂ ಹೀಗೆಯೇ ಹತ್ತು ಕೋಣೆಗಳ ಉಗ್ರಾಣ ಸಾಲಾಗಿದೆ, ಒಂದರಿಂದ ಒಂದಕ್ಕೆ ಸಣ್ಣ ಬಾಯಿ. ಕೊನೆಯ ಕೋಣೆಯ ಎರಡು ಕವಲು ಉದ್ದನೆಯ ಚೀಲಗಳಾಗಿ ಬಾಲದ ಕಡೆಗೆ ಇಳಿದಿವೆ. ಮೈಯ ಬಹುಪಾಲು ಈ ಉಗ್ರಾಣವೇ. ಕುಡಿದ ಕೂಡಲೇ ನಡೆಯುವುದು ಜೀರ್ಣವಲ್ಲ, ನೀರು ಬಸಿಯುವ ಕೆಲಸ. ಪಕ್ಕೆಯ ಉದ್ದಕ್ಕೂ ಇರುವ 17 ಜೊತೆ ವಿಸರ್ಜನಾ ನಾಳಗಳ ಮೂಲಕ ರಕ್ತದ ನೀರು, ಉಪ್ಪು ಹೊರಗೆ ಹೋಗಿ, ಉಳಿದದ್ದು ಗಟ್ಟಿ ಪಾಕವಾಗುತ್ತದೆ. ಎಮ್ಮೆ ಜಿಗಣೆಯ ಜಾಡಿಯ ನೀರು ಬೆಳಿಗ್ಗೆಯ ಹೊತ್ತಿಗೆ ಕಲಕಾಗಿತ್ತು, ತಳದಲ್ಲಿ ಬಿಳಿ ಪೊರೆಯ ಚೂರುಗಳಿದ್ದವು. ಕಲಕಿಗೆ ಕಾರಣ ಈ ಬಸಿದ ನೀರು. ಪೊರೆ ಅದು ಆಗಾಗ ಕಳಚುವ ಚರ್ಮದ ಮೇಲ್ಪದರ. ನೀರು ಬದಲಿಸದೆ ಬಿಟ್ಟರೆ ಸಾಯುತ್ತದೆ, ಸಾಕುವವರು ಹೆಚ್ಚಾಗಿ ಎಡವುವುದು ಇಲ್ಲಿ.

ಪಾಕವಾದ ರಕ್ತ ಕೊಳೆಯದಂತೆ ಕಾಯುವುದರಲ್ಲಿ ಮೊದಲ ದಿನ ಹೇಳಿದ ಏರೋಮೋನಾಸ್‌ಗೆ ಪಾಲಿದೆ. ಬೇರೆ ಬ್ಯಾಕ್ಟೀರಿಯಾಗಳನ್ನು ಅದು ಬೆಳೆಯಗೊಡುವುದಿಲ್ಲ. ಉಗ್ರಾಣದಿಂದ ಸಣ್ಣ ಜಠರಕ್ಕೆ ತೊಟ್ಟು ತೊಟ್ಟಾಗಿ ಬಿಡುತ್ತ, ಒಂದೇ ಊಟದಲ್ಲಿ ಆರು ತಿಂಗಳು, ಅದಕ್ಕೂ ಹೆಚ್ಚು ಕಾಲ ದೂಡುತ್ತದೆ. ಬಯಲುಸೀಮೆಯ ಕೆರೆ ಹೇಗೋ ಅದರ ಹೊಟ್ಟೆಯೂ ಹಾಗೆ: ತುಂಬುವುದು ಒಮ್ಮೆ, ತೂಬು ಎತ್ತುವುದು ಕಂಡೂ ಕಾಣದಷ್ಟು.

ಹೊಟ್ಟೆಯ ಮಾತಾಯಿತು, ನೀರಿಲ್ಲದ ತಿಂಗಳುಗಳನ್ನು ಕಳೆಯುವುದು ಹೇಗೆ? ಹೊಳಲ್ಕೆರೆ ದಾರಿಯ ಒಂದು ಸಣ್ಣ ಕೆರೆಯ ಅಂಗಳಕ್ಕೆ ಮಧ್ಯಾಹ್ನ ಇಳಿದೆವು. ನಡುವೆ ಹಸುಗಳು ತುಳಿದ ಒಂದು ಕೆಸರುಗುಂಡಿ ಬಿಟ್ಟರೆ ಉಳಿದದ್ದೆಲ್ಲ ಬಿರುಕು. ಕುರಿ ಕಾಯುತ್ತಿದ್ದವರನ್ನು ಜಿಗಣೆ ಎಲ್ಲಿ ಹೋದವು ಎಂದು ಕೇಳಿದರೆ, “ಎಲ್ಗೂ ಹೋಗಿಲ್ಲ ಕಣಣ್ಣ, ಕೆಳೀಕೆ ಇಳ್ದವೆ. ನೀರ್ ಬಂದ್ರೆ ಎದ್ ಬತ್ತವೆ” ಎಂದರು.

ಅಗೆಯುವುದಕ್ಕೂ ಕ್ರಮವಿದೆ. ಹಾರೆಯಿಂದ ನೆಟ್ಟಗೆ ಕುಟ್ಟಿದರೆ ಒಳಗಿರುವುದು ತುಂಡಾಗುತ್ತದೆ. ಗುಂಡಿಯ ಅಂಚಿನಿಂದ ಎರಡು ಮಾರು ದೂರದಲ್ಲಿ ಮೊದಲು ಒಂದು ತಗ್ಗು ಮಾಡಿಕೊಂಡು, ಅದರ ಗೋಡೆಯನ್ನು ಸಲಿಕೆಯಿಂದ ಬೆರಳುದಪ್ಪದ ಹಲ್ಲೆಗಳಾಗಿ ಕೊಯ್ಯುತ್ತ ಹೋಗಬೇಕು, ಪ್ರತಿ ಹಲ್ಲೆಯನ್ನೂ ಕೈಯಲ್ಲಿ ಮುರಿದು ನೋಡಬೇಕು. ಒಣಪದರ ಮುಗಿದು, ಹಿಡಿದರೆ ಉಂಡೆಯಾಗುವ ಜೇಡಿ ಸಿಕ್ಕಲ್ಲಿ ನಿಧಾನಿಸಬೇಕು. ಗೇಣಿಗಿಂತ ತುಸು ಆಳದಲ್ಲಿ ಒಂದು ಹಲ್ಲೆ ಮುರಿದಾಗ ಅಡಿಕೆ ಗಾತ್ರದ ನುಣ್ಣನೆಯ ಗೂಡು, ಒಳಗೆ ಸುರುಳಿ ಸುತ್ತಿಕೊಂಡ ಜಿಗಣೆ. ಗೋಡೆಗೆ ಲೋಳೆ ಬಳಿದು ಮೆರುಗು ಬಂದಿತ್ತು. ಮೈ ಕಡ್ಡಿಯಂತೆ ಬಡಕಲು, ಬಣ್ಣ ಮಂಕು. ತಟ್ಟೆಯಲ್ಲಿಟ್ಟು ಒಂದು ಚಮಚ ನೀರು ಬಿಟ್ಟೆವು. ಸುಮಾರು ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಹಿಂದಿನ ಬಟ್ಟಲು ಅಗಲವಾಗಿ ತಟ್ಟೆಯನ್ನು ಕಚ್ಚಿತು, ಸುರುಳಿ ಒಂದೊಂದೇ ಸುತ್ತು ಬಿಚ್ಚಿತು, ಕಡೆಗೆ ತಲೆ ಎದ್ದು ಗಾಳಿಯಲ್ಲಿ ತಡಕಾಡಿತು. ಹಾಗೆಯೇ ಒದ್ದೆ ಜೇಡಿಯಲ್ಲಿ ಸುತ್ತಿ, ತೆಗೆದ ಆಳಕ್ಕೇ ಇಟ್ಟು ಮಣ್ಣು ಮುಚ್ಚಿದೆವು. ಹೂಳೆತ್ತುವ ಯಂತ್ರ ಬೇಸಿಗೆಯಲ್ಲಿ ಕೆರೆಯಂಗಳವನ್ನು ಪೂರ್ತಿ ಬೋಳಿಸಿದರೆ ಮಲಗಿದ ಈ ಜೀವಗಳೆಲ್ಲ ಹೊಲಕ್ಕೆ ಹೋಗಿ ಒಣಗುತ್ತವೆ. ಒಂದು ಮೂಲೆಯನ್ನು ಮುಂದಿನ ವರ್ಷಕ್ಕೆ ಬಿಟ್ಟು ಎತ್ತಿದರೆ ಕೆರೆಗೂ ನಷ್ಟವಿಲ್ಲ.

ಸಂಜೆಯ ಮಾತು ವೈದ್ಯಕ್ಕೆ ಹೊರಳಿತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 13ನೇ ಅಧ್ಯಾಯ ಪೂರ್ತಿ ಜಿಗಣೆಯದೇ. ನೀರೇ ಆಯುಸ್ಸಾದ್ದರಿಂದ ಜಲಾಯುಕ, ನೀರೇ ಮನೆಯಾದ್ದರಿಂದ ಜಲೌಕ ಎಂದು ಹೆಸರಿಗೆ ಅರ್ಥ ಹೇಳುತ್ತದೆ. ವಿಷವುಳ್ಳವು ಆರು, ಇಲ್ಲದವು ಆರು. ವಿಷವಿಲ್ಲದವುಗಳಲ್ಲಿ ಸಾವರಿಕ ಎಂಬುದು 18 ಅಂಗುಲದ್ದು, ಅದನ್ನು ಪಶುಗಳಿಗೆ ಮಾತ್ರ ಬಳಸಬೇಕು ಎನ್ನುತ್ತದೆ. ಹಸಿ ಚರ್ಮ ಒಡ್ಡಿ ಹಿಡಿಯುವುದು, ಹೊಸ ಮಡಕೆಯಲ್ಲಿ ಕೆರೆಯ ನೀರು ಕೆಸರು ಹಾಕಿ ಸಾಕುವುದು, ಮೂರು ದಿನಕ್ಕೊಮ್ಮೆ ನೀರು, ಏಳು ದಿನಕ್ಕೊಮ್ಮೆ ಮಡಕೆ ಬದಲಿಸುವುದು. ಜಾಡಿಯ ತಳದ ಬಿಳಿ ಪೊರೆ ಕಂಡವರಿಗೆ ಆ ಮೂರು ದಿನದ ಲೆಕ್ಕ ಎಷ್ಟು ಅನುಭವದ್ದು ಎಂದು ತಿಳಿಯುತ್ತದೆ. ಇಂದಿನ ಶಸ್ತ್ರಚಿಕಿತ್ಸೆಯಲ್ಲೂ ಇದಕ್ಕೆ ಜಾಗವಿದೆ. ಕತ್ತರಿಸಿಹೋದ ಬೆರಳು, ಕಿವಿಯನ್ನು ಮತ್ತೆ ಜೋಡಿಸಿದಾಗ ಒಳಬಂದ ರಕ್ತ ಹಿಂದಿರುಗದೆ ಮಡುಗಟ್ಟಿದರೆ ಅದನ್ನು ಎಳೆಯಲು ಜಿಗಣೆ ಹಚ್ಚುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಅಲ್ಲಿ ಬಳಸುವುದು ಸಾಕಿ ಬೆಳೆಸಿದ, ಹಸಿದ ಜಿಗಣೆ, ಒಬ್ಬರಿಗೆ ಹಚ್ಚಿದ್ದನ್ನು ಇನ್ನೊಬ್ಬರಿಗೆ ಹಚ್ಚುವುದಿಲ್ಲ, ಏರೋಮೋನಾಸ್ ವಿರುದ್ಧ ಔಷಧವನ್ನೂ ಜೊತೆಗೇ ಕೊಡುತ್ತಾರೆ. ಗದ್ದೆಯ ಜಿಗಣೆಯನ್ನು ತಂದು ಮನೆಯಲ್ಲಿ ಹಚ್ಚಿಕೊಳ್ಳುವುದು ಚಿಕಿತ್ಸೆಯಲ್ಲ.

ನಾಲ್ಕನೇ ದಿನ: ಜೋಗಿಮಟ್ಟಿ, ಮತ್ತೆ ಗದ್ದೆ

ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಳಿಗ್ಗೆ ದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟ ಏರಿದ್ದು ಒಂದೇ ಪ್ರಶ್ನೆಗೆ: ಮಲೆನಾಡಿನವರು ಇಂಬಳ, ಉಂಬಳ ಎನ್ನುವ ನೆಲದ ಜಿಗಣೆ ಇಲ್ಲಿದೆಯೇ? ಮಂಜು, ಗಾಳಿ, ಒದ್ದೆ ಹುಲ್ಲು ಎಲ್ಲ ಇತ್ತು. ಮೂರು ಗಂಟೆ ಎಲೆಕಸ ಕೆದಕಿದರೂ, ಕಾಲುಚೀಲದ ಮೇಲೆ ಕಣ್ಣಿಟ್ಟರೂ ಒಂದೂ ಸಿಗಲಿಲ್ಲ. ಕಾರಣ ಕಷ್ಟದ್ದಲ್ಲ. ಉಂಬಳ ನೀರಿಗೆ ಇಳಿಯುವುದಿಲ್ಲ, ಆದರೆ ಮೈ ಒಣಗಿದರೆ ಬದುಕುವುದಿಲ್ಲ. ಹಿಂದಿನ ಬಟ್ಟಲಿನ ಪಕ್ಕ ಕಿವಿಯಂಥ ಎರಡು ಮಡಿಕೆಗಳಿದ್ದು, ಅಲ್ಲಿಂದ ಒಸರುವ ದ್ರವ ಬಟ್ಟಲನ್ನು ಸದಾ ಒದ್ದೆಯಾಗಿಡುತ್ತದೆ. ಆ ಒಸರಿಗೆ ಬೇಕಾದ ತೇವವನ್ನು ಆಗುಂಬೆಯ 7,000 ಮಿ.ಮೀ. ಮಳೆಯ ಎಲೆಕಸ ಕೊಡುತ್ತದೆ. ಜೋಗಿಮಟ್ಟಿಯ ಮಂಜು ತಿಂಗಳೆರಡು ತಿಂಗಳಿನದು, ಮಿಕ್ಕ ಕಾಲ ಎಲೆಯುದುರಿದ ಒಣಕಾಡು. ನೀರಿನ ಜಿಗಣೆಗೆ ಕೆಳಗಿಳಿದು ಮಲಗಲು ಕೆರೆಯ ಜೇಡಿಯಿದೆ, ಉಂಬಳಕ್ಕೆ ಈ ಬಂಡೆಯ ಮೇಲಿನ ತೆಳುಮಣ್ಣಿನಲ್ಲಿ ಅಂಥ ಆಸರೆಯಿಲ್ಲ.

ಮಧ್ಯಾಹ್ನಕ್ಕೆ ದಾವಣಗೆರೆಯತ್ತ ತಿರುಗಿದೆವು. ಜಾಡಿಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ನೆರಳಿನಲ್ಲಿಟ್ಟಿತ್ತು. ಕಿಟಕಿಯ ಬಿಸಿಲು ಅರ್ಧ ಗಂಟೆ ಬಿದ್ದರೂ ಗಾಜಿನೊಳಗಿನ ನೀರು ಕಾದು ಉಸಿರು ಕಟ್ಟುತ್ತದೆ. ಹಾಗೆ ಕಟ್ಟುವಾಗ ಅವು ನೀರು ಬಿಟ್ಟು ಜಾಡಿಯ ಬಾಯಿಗೆ ಏರಿ ಕೂರುತ್ತವೆ, ಅದನ್ನು ಕಂಡೊಡನೆ ನೀರು ಬದಲಿಸಬೇಕು. ಸೂಳೆಕೆರೆಯ ತಾಯಿಯನ್ನು ಅಲ್ಲೇ ಅದರ ಕಲ್ಲಿನಡಿಗೆ ಬಿಟ್ಟಾಗಿತ್ತು, ಎಮ್ಮೆ ಜಿಗಣೆಗೆ ಇನ್ನೊಂದು ಫೇರಿ ಬಾಕಿ. ಯಾವುದನ್ನು ಎಲ್ಲಿ ಹಿಡಿದಿತ್ತೋ ಅಲ್ಲಿಗೇ, ಬೇರೆ ಕೆರೆಗೆ ಬೆರೆಸಬಾರದು.

ಮೊದಲ ದಿನದ ಗದ್ದೆಗೆ ಬಂದಾಗ ಇಳಿಹೊತ್ತು. ನಾಟಿ ಮುಗಿದು ಸಸಿ ಇನ್ನೂ ಬೇರು ಹಿಡಿಯದೆ ಬಾಗಿತ್ತು. ಬದುವಿನ ಪಕ್ಕ ಕೂತು, ಬಾಯಿಗೆ ಕಟ್ಟಿದ್ದ ಪಂಚೆ ಬಟ್ಟೆ ಬಿಚ್ಚಿ ಜಾಡಿಯನ್ನು ನೀರಿನ ಮಟ್ಟಕ್ಕೆ ಓರೆ ಮಾಡಿದೆವು. ಜಿಗಣೆ ಗಾಜಿನ ಅಂಚಿಗೆ ಬಾಯಿ ಊರಿ, ಹಿಂದಿನ ಬಟ್ಟಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಬಾಯಿ ಚಾಚಿ ಎರಡು ಹೆಜ್ಜೆಯಲ್ಲಿ ಹೊರಗೆ ಬಂತು. ನೀರು ಸಿಕ್ಕಿದೊಡನೆ ಮೈ ಚಪ್ಪಟೆಯಾಗಿ ಎರಡು ಅಲೆ ಹೊಡೆಯಿತು. ಎರಡು ಸಸಿಗಳ ನಡುವೆ ಕೆಸರು ಒಂದಿಷ್ಟು ಹೊಗೆಯಂತೆ ಎದ್ದು, ಮೆಲ್ಲಗೆ ತಳಕ್ಕೆ ಇಳಿಯಿತು.